ಬಿಳಿ ಹಾಕದ ಆಕಾಶ

ಒಲೆಯ ಮುಂದಿನಿಂದ ತಿರುಗಿದ ಆರ್ಡಿಸ್‌ಗೆ ಕಂಡದ್ದು ಹೊತ್ತಿಕೊಂಡ ಗುಡ್ಡ. ಗೋಡೆಗೆ ಅಂದೇ ತೂಗುಹಾಕಿದ ತಗಡಿನ ಪಟದಲ್ಲಿ, ಪೈನ್ ಮರಗಳ ಬೆನ್ನಿಗೆ, ಕೆಂಪು ಬೆಳಕು ಎದ್ದಿತ್ತು. ಒಂದು ಹೆಜ್ಜೆ ಸರಿದಳು, ಬೆಳಕೂ ಸರಿಯಿತು. ಬಾಗಿಲ ಕಡೆ ಓಡಿದಳು. ಅದೂ ಗುಡ್ಡದ ನೆತ್ತಿಯುದ್ದಕ್ಕೂ ಅವಳ ಜೊತೆಗೇ ಓಡಿತು.

ಶೆಡ್ಡಿನಲ್ಲಿ, ತಗಡಿನ ಮೇಲೆ ಪಟ ಅಚ್ಚುಹಾಕುವ ಯಂತ್ರ ಒರೆಸುತ್ತಿದ್ದ ವೆಂಡಲ್ ಹೊರಗೆ ಬಂದಾಗ ಹೆಂಡತಿ ಪಿಕಪ್ಪಿನೊಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಎಂಜಿನ್ ಗುರುಗುಡುತ್ತಿತ್ತು. ಮೊಂಟಾನಾದ ನಮ್ಮ ಕಣಿವೆ ಕಾಡ್ಗಿಚ್ಚು ಕಂಡಾಗಿನಿಂದ ಬೇಸಿಗೆಯಲ್ಲಿ ಯಾರೂ ಗಾಡಿಯ ಮೂತಿಯನ್ನು ಮನೆಯ ಕಡೆಗಿಟ್ಟು ನಿಲ್ಲಿಸುವುದಿಲ್ಲ, ಕೀಲಿಯನ್ನು ಒಳಗೆ ಒಯ್ಯುವುದಿಲ್ಲ.

“ಎಲ್ಲಿ? ಹೊಗೆ ಎಲ್ಲಿ?”

“ನಿನ್ ಪಟದಲ್ಲಿ.”

ಅವನಿಗೆ ನಗು ಬಂತು. “ಅಯ್ಯೋ ಮಾರಾಯ್ತಿ, ಅದು ಸಂಜೆ ಬಿಸ್ಲು ಕಣೇ. ಬಣ್ಣದ ಅಡಿಗೆ ಬಿಳಿ ಹಾಕ್ತೀವಲ್ಲ, ಆಕಾಶಕ್ಕೆ ಮಾತ್ರ ಹಾಕ್ಲಿಲ್ಲ. ಉಜ್ಜಿದ ಅಲ್ಯೂಮಿನಿಯಮ್ಮು, ಹೊಳಪು ಹಾಗೇ ಉಳೀಲಿ ಅಂತ. ಸುಡೋಕೆ ಮುಂಚೆ ನಮ್ ಗುಡ್ಡ ಹಿಂಗೇ ಇತ್ತಲ್ವಾ? ನಿಂಗೆ ಚೆಂದ ಕಾಣ್ಲಿ ಅಂತಾನೇ ಮಾಡ್ದೆ.”

“ಚೆಂದ! ನಿಂಗೇನು ಗೊತ್ತು? ಆವತ್ತು ನೀನು ಬೋಜ್‌ಮನ್ ಸಂತೇಲಿ ಪಟ ಮಾರ್ತಾ ಕೂತಿದ್ದೆ. ನಿಮ್ಮಮ್ಮನ್ನ ಎತ್ಕೊಂಡು ಓಡಿದೋಳು ನಾನು.”

ಸುಟ್ಟ ಜಾಗದಲ್ಲೇ ಮತ್ತೆ ಮನೆ ಎಬ್ಬಿಸಿದಾಗ ಅವಳು ಒಂದೇ ಮಾತು ಹೇಳಿದ್ದಳು: ಇನ್ನೊಂದು ಸಲ ಜೀವ ಹೀಗೆ ಬಾಯಿಗೆ ಬಂದರೆ ಬಿಲಿಂಗ್ಸಿನ ಅಕ್ಕನ ಮನೆಗೆ ಹೊರಟುಬಿಡುತ್ತೇನೆ, ಕರೆಯಲು ಬರಬೇಡ.

“ಒಳಗೆ ಹೋಗು,” ಎಂದಳು. “ಒಲೆ ಹತ್ರ ನಿಂತ್ಕೊ. ಆಮೇಲೆ ಅದನ್ನೇ ನೋಡ್ಕೊಂಡು ಬಾಗ್ಲ ಕಡೆ ಬಾ.”

ಅವನು ಹೋದ. ಮೇಜಿನ ಮೇಲೆ ಮಲಗಿಸಿ, ಟ್ಯೂಬ್‌ಲೈಟಿನ ಕೆಳಗೆ ಎಷ್ಟೋ ಪಟಗಳನ್ನು ನೋಡಿದ್ದ; ಹೀಗೆ, ಪಡುವಣದ ಕಿಟಕಿಗೆ ಎದುರಾಗಿ ತೂಗುಹಾಕಿ, ಒಬ್ಬನೇ ನಿಂತು ನೋಡಿರಲಿಲ್ಲ. ನಡೆದ. ತಗಡಿನ ಸಣ್ಣ ಗೆರೆಗಳೊಳಗಿಂದ ಕೆಂಪು ಸರಸರನೆ ಹರಿದು ಬಂತು. ನಿಂತರೆ ನಿಂತಿತು. ಕಾಲೆತ್ತಿದರೆ ಮುಂದಿನ ಮರಕ್ಕೆ ಹಾರಿತು. ನಾಲ್ಕು ಮಾರಿನ ಕೋಣೆ. ನಡುವೆಯೇ ಅವನು ಓಡತೊಡಗಿದ್ದ.

ಗಾಡಿಯ ಬಾಗಿಲು ಹಿಡಿದು ನಿಂತ. ಪಟವನ್ನು ಇಳಿಸಿ ಬರಬೇಕೆಂಬುದೂ ನೆನಪಾಗಿರಲಿಲ್ಲ.

“ನಡುಗ್ತಿದೀಯ,” ಎಂದಳು ಆರ್ಡಿಸ್.

“ಹೂಂ.”

ಅವಳು ಎಂಜಿನ್ ಆರಿಸಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ನೀರಿನ ಕ್ಯಾನನ್ನೂ ಕಂಬಳಿಯ ಗಂಟನ್ನೂ ಒಂದೊಂದಾಗಿ ಎತ್ತಿ ಸೀಟಿನ ಹಿಂದಕ್ಕೆ ಇಟ್ಟಳು.