ವಿಮಾನಕ್ಕೆ ಬ್ರೇಕ್ ಪೈಪು

ಸಿದ್ಧಲಿಂಗ ವಾಡಿ ಊರಲ್ಲಿ ತನ್ನ ಗ್ಯಾರೇಜಿನ ಹಿಂದೆ, ತಗಡಿನ ಶೆಡ್ಡಿನಲ್ಲಿ, ಹನ್ನೊಂದು ವರ್ಷದಿಂದ ಒಬ್ಬರೇ ಕೂರುವ ವಿಮಾನ ಕಟ್ಟುತ್ತಿದ್ದ. ಎಂಜಿನ್ನು, ರೆಕ್ಕೆ, ಬಾಲ ಎಲ್ಲ ಮುಗಿದು ಬ್ರೇಕಿನ ಪೈಪೊಂದು ಉಳಿದಿತ್ತು. ವಿಮಾನ ಓಡಬಹುದಾದ ಜಾಗವೂ ಒಂದೇ: ರಾವೂರಿನಲ್ಲಿ ಜಗದೇವಪ್ಪನ ಹಳೆಯ ಕಲ್ಲುಖಣಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ತೆಗೆದು ನೆಲ ಸಪಾಟಾಗಿತ್ತು. ಅದರ ತುದಿಯಲ್ಲಿ ಮಾತ್ರ ನೀರು ತುಂಬಿದ ಆಳದ ಗುಂಡಿ.

"ಮುಂದಿನ ಐತವಾರದ ತನಕ ನಿಂದು," ಎಂದಿದ್ದ ಜಗದೇವಪ್ಪ. "ಸೋಮವಾರ ಮಷೀನ್ ಬಂದು ಅಗೀತಾವ. ಖಣಿ ಮಾರೀನಿ, ನನ್ನ ಕೈಯಾಗಿಲ್ಲಪಾ."

ಅವತ್ತೇ ಸಿದ್ಧಲಿಂಗ ಶಹಾಬಾದಿಗೆ, ಪೈಪ್ ಕಟ್ಟಿಕೊಡುವ ಗನಿಸಾಬನ ಅಂಗಡಿಗೆ ಓಡಿದ. ಗನಿಸಾಬ ಎರಡು ಪೈಪು ಮುಂದಿಟ್ಟ.

"ಇದು ಕಲ್ಲು ಪಾಲಿಶ್ ಮಷೀನಿಂದು. ಆನಿ ತುಳಿದ್ರೂ ಒಡೆಯಂಗಿಲ್ಲ. ಇದು ಕಾರಿನ ಬ್ರೇಕಿಂದು, ಹಗೂರ ಅದ. ಮಷೀನ್ ಎಣ್ಣಿ ಅದಕ್ಕ, ಬ್ರೇಕ್ ಎಣ್ಣಿ ಇದಕ್ಕ. ಅದಲಿಬದಲಿ ಮಾಡಬ್ಯಾಡ್ರಿ ಅಣ್ಣಾ."

ಸಿದ್ಧಲಿಂಗ ಎರಡನ್ನೂ ತಕ್ಕಡಿಗೆ ಹಾಕಿಸಿದ.

"ಬಂಗಾರ ತೂಗಸ್ಲಿಕತ್ತೀರೇನು?"

"ಭಾಯ್, ಮ್ಯಾಲೆ ಹೋಗೂದಕ್ಕ ಒಂದೊಂದು ಗ್ರಾಮಿಗೂ ಲೆಕ್ಕ ಅದ."

ಕಾರಿನದೇ ಆರಿಸಿದ. ಆರಿಸಿದ್ದು ಸರಿಯಾಗಿಯೇ ಇತ್ತು.

ಆದರೆ ಖಣಿಯವರಿಗೊಂದು ಪದ್ಧತಿ ಇದೆ. ಹೊಸ ಪೈಪನ್ನು ಯಾರೂ ಹಾಗೇ ನಂಬುವುದಿಲ್ಲ. ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಜ್ಯಾಕಿಗೆ ಜೋಡಿಸಿ, ಮೇಲೊಂದು ದಪ್ಪ ಫರ್ಸಿ ಹೇರಿ, ಗೋಡೆಯ ಮೇಲೆ ಅದರ ಎತ್ತರಕ್ಕೆ ಸುಣ್ಣದ ಗೆರೆ ಎಳೆದು ಬಿಡುತ್ತಾರೆ. ಕಲ್ಲು ಗೆರೆ ಬಿಟ್ಟು ಇಳಿಯದಿದ್ದರೆ ಪೈಪು ಪಾಸು. ಸಿದ್ಧಲಿಂಗ ಆ ಕಲ್ಲುಗಳ ನಡುವೆಯೇ ಕೆಲಸ ಕಲಿತವನು. ಬರೀ ಪೈಪಲ್ಲ, ಇಡೀ ಬ್ರೇಕನ್ನೇ ಜ್ಯಾಕಿಗೆ ಜೋಡಿಸಿ ಕಲ್ಲು ಹೇರಿದ. ನಾಲ್ಕು ದಿನ ಕಲ್ಲು ಕೂದಲೆಳೆಯಷ್ಟೂ ಇಳಿಯಲಿಲ್ಲ. ಖುಷಿಯಿಂದ ಬ್ರೇಕಿನೊಳಗೆ ಬಂದಿದ್ದ ಜ್ಯಾಕಿನ ಮಷೀನ್ ಎಣ್ಣೆ ಬಸಿದು, ಒರೆಸಿ, ಬ್ರೇಕ್ ಎಣ್ಣೆ ತುಂಬಿದ.

ಐತವಾರ ಬೆಳಿಗ್ಗೆ ಟೆಂಪೋದಲ್ಲಿ ವಿಮಾನ ಖಣಿಗೆ ಬಂತು. ಅಲ್ಲೇ ರೆಕ್ಕೆ ಕೂಡಿಸಿದರು. ಹೆಂಡತಿ ಸುಮಂಗಲಾ ರೊಟ್ಟಿ ಬುತ್ತಿ ತಂದಿದ್ದಳು. ಗನಿಸಾಬ ಅಂಗಡಿ ಮುಚ್ಚಿ ನೋಡಲು ಬಂದಿದ್ದ.

ಸಿದ್ಧಲಿಂಗ ಒಳಗೆ ಕೂತು ಬ್ರೇಕ್ ತುಳಿದು ನೋಡಿದ. ತುಳಿದ ಪೆಡಲ್ಲು ಮೇಲೆ ಬರಲಿಲ್ಲ. ಅವನು ಇಳಿದ ಮೇಲೆ ಮೂವರೂ ನೂಕಿದರು. ಗಾಲಿ ಕದಲಲಿಲ್ಲ.

ಗನಿಸಾಬ ಬ್ರೇಕ್ ಬಿಚ್ಚಿ ಒಳಗಿನ ರಬ್ಬರಿನ ಬಟ್ಟಲು ತೆಗೆದ. ಉಬ್ಬಿ, ಮೆತ್ತಗಾಗಿ, ನೆನೆಸಿದ ಕಡ್ಲಿಯ ಹಾಗಾಗಿತ್ತು. ಪೈಪಿನ ತುದಿ ಕೊಯ್ದ. ಒಳಗಿನ ರಬ್ಬರ್ ಉಬ್ಬಿ, ತೂತಿನಲ್ಲಿ ಸೂಜಿಯೂ ಹೋಗುವಂತಿರಲಿಲ್ಲ.

"ಅಣ್ಣಾ, ಇದ್ರಾಗ ಮಷೀನ್ ಎಣ್ಣಿ ಹಾಕಿದ್ರೇನು?"

"ಟೆಸ್ಟಿಗೆ ಅಷ್ಟೇ. ನಾಕು ದಿನ."

ಗನಿಸಾಬ ಮುಖ ಬೇರೆ ಕಡೆ ತಿರುಗಿಸಿದ. "ಎಲ್ಲಾ ರಬ್ಬರ್ ಬದಲಿ ಮಾಡಬೇಕ್ರಿ. ಈ ಅಳತಿ ಬಟ್ಟಲು ಹೈದರಾಬಾದಿನಿಂದ ಬರಬೇಕು. ಎಂಟು ದಿನ."

"ಹಂಗಾದ್ರ ಬ್ರೇಕ್ ಬಿಚ್ಚಿ ಒಗೀತೀನಿ. ಹಂಗೇ ಓಡಸ್ತೀನಿ."

"ನೀರಿನ ಗುಂಡಿ ಬಂದಾಗ ಏನ್ ಹಿಡೀತೀರಿ? ನನ್ನ ಗಡ್ಡ?"

"ಅದು ಬರೂದ್ರಾಗ ಮ್ಯಾಲೆ ಇರ್ತೀನಿ ಭಾಯ್."

"ಇರಲಿಲ್ಲಂದ್ರ?"

ಸಿದ್ಧಲಿಂಗ ಗಾಲಿಯ ನಟ್ಟಿಗೆ ಕೈ ಹಾಕಿದ. ಸುಮಂಗಲಾ ಬುತ್ತಿ ಕೆಳಗಿಟ್ಟು, ಸೆರಗು ಸುತ್ತಿಕೊಂಡು ಗಾಲಿಯ ಮುಂದೆ ಕೂತುಬಿಟ್ಟಳು.

"ನಿಮ್ಮ ಇಮಾನ ನನ್ನ ಮ್ಯಾಲಿಂದ ಹೋಗ್ಲಿ. ಹನ್ನೊಂದು ವರ್ಷ ಅದರ ಸಂಗಟ ಬಾಳೇ ಮಾಡೀನಿ, ಇದೊಂದು ಉಳಿದಿತ್ತು."

"ಏಳ. ಇವತ್ತು ಬಿಟ್ರ ಮತ್ತ ಇಲ್ಲ."

"ಗೊತ್ತದ."

ಬಿಸಿಲು ನೆತ್ತಿಗೆ ಬಂತು. ಅವಳು ಏಳಲಿಲ್ಲ. ಗನಿಸಾಬ ಎರಡು ಸಲ ಚಹಾ ತರಿಸಿದ, ಯಾರೂ ಕುಡಿಯಲಿಲ್ಲ. ನಾಲ್ಕರ ಸುಮಾರಿಗೆ ಅಗೆಯುವ ಮಷೀನನ್ನು ಹೊತ್ತ ಲಾರಿ ಒಂದು ದಿನ ಮೊದಲೇ ಬಂದು, ಖಣಿಯ ನಟ್ಟನಡುವೆ ನಿಂತಿತು. ಡ್ರೈವರ್ ತಲೆ ಹೊರಹಾಕಿ, "ಈ ಡಬ್ಬಾ ಯಾರ್ದು? ತೆಗೀರಿ ಬಾಜೂಕ," ಎಂದು ಕೂಗಿದ.

"ಡಬ್ಬಾ ಅಲ್ಲೋ, ಇಮಾನ," ಎಂದಳು ಸುಮಂಗಲಾ, ಕೂತಲ್ಲಿಂದಲೇ.

ಸಿದ್ಧಲಿಂಗ ಪಾನಾ ತೆಗೆದುಕೊಂಡು ಎಡರೆಕ್ಕೆಯ ಮೊದಲ ಬೋಲ್ಟು ಬಿಚ್ಚತೊಡಗಿದ.