ಮೊದಲು ಅಲುಗಿದ ಕೈ

ಕಸ್ತೂರಿಬಾಯಿಯ ತಲೆ ಮತ್ತೊಮ್ಮೆ ಎಡಕ್ಕೆ ವಾಲಿತು.

"ಹಣಿ ಮ್ಯಾಲಿಂದ ಕಟ್ಟಲೇ, ಗದ್ದಕ್ಕ ಬ್ಯಾಡ," ಎಂದು, ಹೆಣ ಕೂರಿಸಲು ಬಂದಿದ್ದ ಓಣಿಯ ಹುಲೆಪ್ಪ ತನ್ನ ಅಣ್ಣನ ಮಗನ ಕೈಯಿಂದ ಬಿಳಿ ಪಟ್ಟಿ ಕಸಿದುಕೊಂಡ. "ಜೀವ ಇದ್ದಾಗ ಎಲ್ಲಾರ ಮಾತಿಗೂ ಗೋಣ ಹಾಕಿದಾಕಿ. ಈಗೂ ಹೌದ ಹೌದ ಅನ್ನಾಕತ್ತಾಳ ನೋಡ್ರಿ."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಅಳುವಿನ ನಡುವೆಯೇ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಲಿಂಗವಂತರ ಮನೆಯ ಸಾವು. ಪಡಸಾಲೆಯ ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹೀಗೇ ಕೂರಿಸಿರುತ್ತಾರೆಂದು ಭಾಗ್ಯಜ್ಯೋತಿಗೆ ಗೊತ್ತಿತ್ತು. ಆದರೂ ಹೊಸ್ತಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು. ಹದಿಮೂರು ವಾರ ಕಂಪ್ಯೂಟರಿನ ಪರದೆಯ ಮೇಲೆ ಅವಳು ನೋಡಿದ್ದ ಭಂಗಿಯೇ ಅದು: ನೆಟ್ಟಗಿನ ಬೆನ್ನು, ಮಡಿಲಲ್ಲಿ ಎಡಗೈ, ಕೇಳಿಸಿಕೊಳ್ಳುವವರ ಹಾಗೆ ತುಸು ಎಡಕ್ಕೆ ಬಾಗಿದ ಗೋಣು.

ಕಸ್ತೂರಿಬಾಯಿಯ ಗಂಡ ಗುರುಶಾಂತ ಕಂಬಕ್ಕೆ ಒರಗಿ ಕೂತಿದ್ದ. ಅತನೂರಿನಲ್ಲಿ ಮೂವತ್ತು ವರ್ಷ ಹೊಲಿಗೆ ಹಾಕಿದ ಬೆರಳುಗಳು ಈಗ ಧೋತರದ ಅಂಚನ್ನು ಸುಮ್ಮನೆ ಮಡಚುತ್ತಿದ್ದವು.

"ನೀ ಕ್ಯಾಮೆರಾದ ಹುಡುಗಿ ಅಲ್ಲೇನವ್ವ?"

"ಹೌದ್ರಿ ಕಾಕಾ."

"ನಿನ್ನೆ ಮುಂಜಾನಿ ರೊಟ್ಟಿ ಬಡದಾಳ. ಮಧ್ಯಾಹ್ನ ಎದಿ ಹಿಡಕೊಂಡು ಕುಂತಾಕಿ ಏಳಲಿಲ್ಲ. ಡಾಕ್ಟರ್ ಅಂತಾರ, ಇದು ಒಮ್ಮಿಗೇ ಬಂದದ್ದಲ್ಲ, ತಿಂಗಳಿಂದ ಸೂಚನಾ ಕೊಟ್ಟಿರಬೇಕು ಅಂತ. ಒಂದ ಮನ್ಯಾಗ ಇದ್ದು ನಂಗ ಕಾಣಲಿಲ್ಲ ನೋಡು." ಅವನು ತಲೆಯೆತ್ತಿದ. "ಯಾರರೆ ನೋಡಿದ್ರ ಹೇಳ್ತಿದ್ದಿಲ್ಲೇನು?"

ಭಾಗ್ಯಜ್ಯೋತಿ ಹೆಂಗಸರ ಸಾಲಿನ ತುದಿಗೆ ಹೋಗಿ ಗೋಡೆಗೆ ಅಂಟಿ ನಿಂತಳು.

*

ಕಸ್ತೂರಿಬಾಯಿ ಅಫಜಲಪುರದ ಒಂದು ಟ್ರಸ್ಟಿನ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಸುಮ್ಮನಾಗಿಸಿದವಳು, ಆಮೇಲೆ ತರಬೇತಿ ಪಡೆದು ದೊಡ್ಡವರನ್ನು ಮಾತಾಡಿಸಲು ಕೂತಿದ್ದಳು. ಬಂದ ಮೊದಲ ದಿನವೇ ಖುರ್ಚಿಗಳನ್ನು ಹೊರಗಿಡಿಸಿ ಜಮಖಾನೆ ಹಾಸಿದಳಂತೆ.

ನೋವು ಹೇಳಿಕೊಳ್ಳುವವರ ಮೈ ಮತ್ತು ಅದನ್ನು ಕೇಳುವವರ ಮೈ, ಅವರಿಗೇ ಅರಿವಿಲ್ಲದೆ ಒಂದರ ಹಿಂದೊಂದು ಹೇಗೆ ಅಲುಗುತ್ತವೆ ಎಂಬುದರ ಮೇಲೆ ಕಲಬುರಗಿಯಲ್ಲಿ ಸಂಶೋಧನೆ ನಡೆದಿತ್ತು. ಒಪ್ಪಿಗೆ ಪಡೆದು ವಿಡಿಯೊ ತೆಗೆಯುತ್ತಿದ್ದರು. ಗುಟ್ಟು ಉಳಿಯಲೆಂದು ದನಿ ಅಳಿಸಿ, ಮುಖ ಮಸುಕು ಮಾಡಿ, ಹೆಸರಿನ ಜಾಗದಲ್ಲಿ ನಂಬರು ಹಾಕಿ ಭಾಗ್ಯಜ್ಯೋತಿಗೆ ಕೊಡುತ್ತಿದ್ದರು. ಎಂ.ಎ. ಮುಗಿಸಿಯೂ ನಾಲ್ಕು ಜನರೆದುರು ಬಾಯಿ ತೆರೆಯಲಾರದ ಅವಳಿಗೆ ಅದು ಹೇಳಿ ಮಾಡಿಸಿದ ಕೆಲಸ. ಪರದೆಯ ಕೆಳಗೆ ಎರಡು ಗೆರೆ. ಕೆಂಪು ಕಸ್ತೂರಿಬಾಯಿಯದು, ನೀಲಿ ಎದುರಿಗೆ ಕೂತವರದು. ಮೈ ಅಲುಗಿದರೆ ಗೆರೆ ಏಳುತ್ತಿತ್ತು. ಎರಡೂ ಒಂದರ ಬೆನ್ನಿಗೊಂದು ಎದ್ದರೆ ಹೊಂದಿಕೆ. ಯಾರು ಮೊದಲು, ಎಷ್ಟು ಸೆಕೆಂಡು ಮೊದಲು ಎಂದು ಅವಳು ಬರೆಯಬೇಕು. ಹೊಂದಿಕೆ ಹೆಚ್ಚಿದ್ದರೆ ಚಿಕಿತ್ಸೆ ಹಾದಿ ಹಿಡಿದಿದೆ ಎಂದು ಅವರ ಲೆಕ್ಕ.

ಹದಿನೇಳನೇ ನಂಬರಿನ ಹೆಂಗಸು ಬಲಗೈ ಮುಷ್ಟಿ ಕಟ್ಟಿ ಎದೆಯ ಎಡಭಾಗವನ್ನು ಒತ್ತಿಕೊಳ್ಳುತ್ತಿದ್ದಳು. ತುಸು ಹೊತ್ತಿಗೆ ಕಸ್ತೂರಿಬಾಯಿಯ ಕೈಯೂ ಅಲ್ಲಿಗೇ ಹೋಗುತ್ತಿತ್ತು. ಎಂಟು ವಾರ ನೀಲಿ ಮುಂದೆ, ಕೆಂಪು ಹಿಂದೆ. ಒಂಬತ್ತನೇ ವಾರದಿಂದ ಅದು ತಿರುಗಿತು. ಮುಷ್ಟಿ ಮೊದಲು ಕಸ್ತೂರಿಬಾಯಿಯದು. ಎರಡು ಸೆಕೆಂಡಿನ ಮೇಲೆ ಹದಿನೇಳರದು.

ಮುಖ ಮಸುಕು. ಕೈ ಮಾತ್ರ ಸ್ಪಷ್ಟ. ಭಾಗ್ಯಜ್ಯೋತಿ ಷರಾ ಬರೆದಳು: "ಅತ್ಯುತ್ತಮ ಹೊಂದಿಕೆ. ಈಗ ಸಮಾಲೋಚಕಿಯೇ ಮುಂದೆ."

ಐದು ವಾರ ಅದೇ ಷರಾ.

ಒಂದು ದಿನ ಮೆಮೊರಿ ಕಾರ್ಡ್ ಒಯ್ಯಲು ಕೇಂದ್ರಕ್ಕೆ ಹೋದಾಗ ಕಸ್ತೂರಿಬಾಯಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಅರ್ಧ ಇವಳ ಕೈಗಿಟ್ಟಿದ್ದಳು. ಗೆರೆಗಳ ವಿಷಯ ಕೇಳಿ ನಕ್ಕಿದ್ದಳು. "ಬೀಸೋ ಕಲ್ಲಿಗಿ ಇಬ್ಬರು ಕುಂತಾಗ ಗೂಟ ಒಂದ, ಕೈ ಎರಡ. ಯಾರ ಎಳದ್ರು ಅಂತ ಹಿಟ್ಟಿಗಿ ಗೊತ್ತೇನು, ಹುಚ್ಚಿ?"

ಹೇಳುತ್ತ ಮುಷ್ಟಿಯಿಂದ ಎದೆಯನ್ನು ಒತ್ತಿಕೊಂಡಿದ್ದಳು.

"ನೋಡ್ರಿ ಅಕ್ಕಾ, ಹದಿನೇಳರಾಕಿ ಚಾಳಿ ನಿಮಗೂ ಹತ್ಯಾದ," ಎಂದು ಭಾಗ್ಯಜ್ಯೋತಿ ನಕ್ಕಿದ್ದಳು. ಜೀವಮಾನದಲ್ಲಿ ಅವಳು ಮಾಡಿದ ಕೆಲವೇ ಚೇಷ್ಟೆಗಳಲ್ಲಿ ಅದೂ ಒಂದು.

"ಹತ್ತಲಿ ಬಿಡು," ಎಂದಿದ್ದಳು ಕಸ್ತೂರಿಬಾಯಿ.

*

ಅಂಗಳದಲ್ಲಿ ಗದ್ದಲವಾಯಿತು. ಗುರುಶಾಂತನ ತಂಗಿ ನಾಗರತ್ನಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾಕ ಬಂದಿ ಬೇ? ನಿನ್ನ ಬ್ಯಾನಿ ನಮ್ಮ ವೈನಿ ಕೊಳ್ಳಿಗಿ ಕಟ್ಟಿ ಆರಾಮಾದಿ. ಈಗ ಹೆಣ ನೋಡ್ಲಾಕ ಬಂದಿಯೇನು?"

ಹೊರಗೆ, ಚಪ್ಪಲಿಗಳ ರಾಶಿಯ ಆಚೆ, ಒಬ್ಬಳು ಹೆಂಗಸು ನಿಂತಿದ್ದಳು. ಆ ಮುಖವನ್ನು ಭಾಗ್ಯಜ್ಯೋತಿ ಎಂದೂ ನೋಡಿರಲಿಲ್ಲ. ಎದೆಗೊತ್ತಿದ ಮುಷ್ಟಿಯನ್ನು ನೋಡಿದ್ದೇ ಗುರುತು ಸಿಕ್ಕಿತು. ಹದಿನೇಳು.

"ಚೌಡಾಪುರದ ಮಲ್ಕಮ್ಮ ಅಂತ," ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರು. "ಮಗಳು ಬಾಣಂತಿ ಇದ್ದಾಗ ಹ್ವಾದಳು. ಆಗಿಂದ ಎದಿ ಬ್ಯಾನಿ."

"ನಾ ಒಳಗ ಬರಂಗಿಲ್ರಿ," ಎಂದಳು ಮಲ್ಕಮ್ಮ. "ಇಲ್ಲಿಂದೇ ಕೈ ಮುಗಿತೇನಿ."

ಚಹಾದ ಕೆಟಲಿ ಹಿಡಿದು ಬಂದ ಮಗ್ಗುಲ ಮನೆಯ ಅಜೀಜಾಬಿ ಸಿಡುಕಿದಳು. "ಏ ನಾಗರತ್ನಾ, ಬ್ಯಾನಿ ಅಂದ್ರ ಹೇನ ಅಂತ ತಿಳಿದಿಯೇನು, ತಲಿಯಿಂದ ತಲಿಗಿ ಹಾರಾಕ? ಸರಿ, ಒಳಗ ಬಿಡು ಅಕಿನ್ನ."

"ಇಲ್ರಿ, ಅವರು ಅಂದದ್ದು ಖರೇನ ಅದ," ಎಂದಳು ಮಲ್ಕಮ್ಮ. ದನಿಯಲ್ಲಿ ಅಳು ಕೂಡ ಇರಲಿಲ್ಲ. "ಕಸ್ತೂರಿಬಾಯಾರ ಎದುರ ಕುಂತು ನಾ ಹಿಂಗ ಮಾಡಿದ್ರ, ಅವರೂ ಹಿಂಗ ಮಾಡ್ತಿದ್ರು. ನನ್ನ ಎದಿಯಾಗಿನ ಕಲ್ಲು ಅವರು ತಗೊಳ್ಳಾಕತ್ತಾರ ಅಂತ ನಂಗ ಗೊತ್ತಾಗ್ತಿತ್ತು. ಹಗರ ಆಗ್ತಿತ್ತು. ಅದಕ್ಕ ನಾ ಬ್ಯಾಡ ಅನ್ನಲಿಲ್ಲ."

ಒಳಗೆ ಭಜನೆಯ ತಾಳ ನಡೆದೇ ಇತ್ತು.

ಭಾಗ್ಯಜ್ಯೋತಿ ಗುರುಶಾಂತನ ಕಡೆ ನೋಡಿದಳು. ಅವನು ಎದ್ದು ಬಾಗಿಲಿಗೆ ಬಂದಿದ್ದ. ತಾನು ಸುಮ್ಮನಿದ್ದರೆ ಈ ಹೆಂಗಸು ಆ ಕಲ್ಲಿನ ಜೊತೆ ಇನ್ನೊಂದು ಕಲ್ಲನ್ನೂ ಹೊತ್ತು ಚೌಡಾಪುರದ ಬಸ್ಸು ಹತ್ತುತ್ತಾಳೆ. ಬಾಯಿ ಬಿಟ್ಟರೆ ಅವನಿಗೆ ಕೇಳಿಸುತ್ತದೆ.

"ಅದು ನಿಮ್ದಲ್ಲ," ಎಂದು ಭಾಗ್ಯಜ್ಯೋತಿ ಮಲ್ಕಮ್ಮನಿಗೆ ಮೆಲ್ಲಗೆ ಹೇಳಿದಳು.

"ಜೋರ ಹೇಳವ್ವ," ಎಂದಳು ಅಜೀಜಾಬಿ.

"ಆ ಬ್ಯಾನಿ ನಿಮ್ದಲ್ಲರಿ. ಕಡೀಗಿನ ವಾರಗಳಾಗ ಅಕ್ಕನ ಕೈನೇ ಮೊದಲ ಹೋಗ್ತಿತ್ತು. ಅವರು ಎದಿ ಹಿಡಕೊಂಡ ಮ್ಯಾಲ ನೀವು ಹಿಡಕೊಳ್ತಿದ್ರಿ. ಎರಡು ಸೆಕೆಂಡ ಆದ ಮ್ಯಾಲ. ಅವರದು ಅವರದೇ ಇತ್ತು."

"ನಿಂಗ ಹ್ಯಾಂಗ ಗೊತ್ತು?" ನಾಗರತ್ನಾ ತಿರುಗಿದಳು.

"ವಿಡಿಯೊದಾಗ ನೋಡೀನ್ರಿ."

ಗುರುಶಾಂತನ ದನಿ ಬಹಳ ಮೆತ್ತಗಿತ್ತು. "ಎಷ್ಟ ದಿನದಿಂದ?"

"ಐದು ವಾರ್ರಿ ಕಾಕಾ."

"ನೋಡಿ ಏನ ಮಾಡಿದಿ?"

"ಚೊಲೋ ನಡದಾದ ಅಂತ ಬರದೆ."

ಗುರುಶಾಂತ ಬಾಗಿಲಿನಿಂದ ಸರಿದು ಮಲ್ಕಮ್ಮನಿಗೆ ಹೇಳಿದ, "ಬಾ ಯವ್ವ. ವಾರವಾರ ಎದುರ ಕೂಡ್ತಿದ್ದೆಲ್ಲ, ಹಂಗ ಕೂಡು ಬಾ."

ಭಾಗ್ಯಜ್ಯೋತಿಗೆ ಅವನು ಬಾ ಎನ್ನಲಿಲ್ಲ. ಹೋಗು ಎನ್ನಲೂ ಇಲ್ಲ.

*

"ಜಲ್ದಿ ಏಳ್ರಿ, ಹೊತ್ತು ಇಳೀತು," ಎಂದು ಹುಲೆಪ್ಪ ಕೂಗಿದ.

ಹೆಣ ಹೊರುವ ಬಿದಿರಿನ ವಿಮಾನವನ್ನು ಅಂಗಳದಲ್ಲಿಟ್ಟು, ಕಸ್ತೂರಿಬಾಯಿಯನ್ನು ಅದರೊಳಗೆ ಕೂರಿಸಿ, ಹಣೆಯ ಪಟ್ಟಿಯನ್ನು ಹಿಂದಿನ ಕೋಲಿಗೆ ಕಟ್ಟಿದರು. ಮಲ್ಕಮ್ಮ ಎದುರಿಗೆ ನೆಲದ ಮೇಲೆ ಕಾಲು ಮಡಚಿ ಕೂತಳು. ಮುಷ್ಟಿ ಇನ್ನೂ ಎದೆಯ ಮೇಲಿತ್ತು. ಭಾಗ್ಯಜ್ಯೋತಿ ಅವಳ ಪಕ್ಕದಲ್ಲಿ, ತುಸು ಹಿಂದೆ ನಿಂತಳು.

ನಾಲ್ವರು ಹೆಗಲು ಕೊಟ್ಟರು. ಬಿದಿರು ಕಿರುಗುಟ್ಟಿ ವಿಮಾನ ಮುಂದಕ್ಕೆ ವಾಲಿತು. ಕಸ್ತೂರಿಬಾಯಿಯ ಮೈ ನಿಧಾನಕ್ಕೆ ಮುಂದಕ್ಕೆ ಬಾಗಿತು, ಎದುರಿಗೆ ಕೂತವರ ದನಿ ಸಣ್ಣದಾದಾಗ ಕೇಳಲು ಬಾಗುತ್ತಿದ್ದ ಹಾಗೆ.

ಭಾಗ್ಯಜ್ಯೋತಿ ಬೇಡವೆಂದರೂ ತುಟಿ ಎಣಿಸಿತು. ಒಂದು. ಎರಡು.

ಮಲ್ಕಮ್ಮನ ಮೈ ಮುಂದಕ್ಕೆ ಬಾಗಿತು. ಎದೆಯ ಮೇಲಿನ ಮುಷ್ಟಿ ಬಿಚ್ಚಿಕೊಂಡು ಮಡಿಲಿಗೆ ಇಳಿಯಿತು. ಎಡ ಅಂಗೈ, ಏನನ್ನೋ ಹಿಡಿದುಕೊಳ್ಳುವ ಹಾಗೆ, ಮೇಲ್ಮುಖವಾಗಿ ತೆರೆದುಕೊಂಡಿತು.

ವಿಮಾನ ಅಂಗಳ ದಾಟಿ ಓಣಿಗೆ ತಿರುಗಿತು. ಭಾಗ್ಯಜ್ಯೋತಿ ಇನ್ನೂ ಎಣಿಸುತ್ತಿದ್ದಳು. ಮೂರು, ನಾಲ್ಕು, ಐದು. ಅವಳ ಬಲಗೈ ಮುಷ್ಟಿ, ಯಾವಾಗ ಮೇಲೇರಿತ್ತೋ ಏನೋ, ಎದೆಯ ಎಡಭಾಗವನ್ನು ಒತ್ತಿ ಹಿಡಿದಿತ್ತು. ಅದು ಇಳಿಯಲಿಲ್ಲ.