ಹನ್ನೆರಡು ಬಲಗಾಲುಗಳು

೧

ಈ ಕಥೆಯನ್ನು ತಲೆಯಿಂದ ಶುರು ಮಾಡಲೋ ಕಾಲಿನಿಂದಲೋ ಎಂದು ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ತಲೆ ನನಗೆ ಸುಲಭ. ನೆಗ್ರೋಸ್ ದ್ವೀಪದಲ್ಲಿ ಪಾದ್ರಿಗಳು ನಡೆಸುವ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟು ಹೊಟ್ಟೆ ಹೊರೆಯುವವನು ನಾನು. 'ಧರ್ಮ ಮತ್ತು ವರ್ಗ ಅಸಮಾನತೆ' ಎಂಬ ಪಾಠಕ್ಕೆ ನನ್ನಲ್ಲಿ ಹದಿನಾಲ್ಕು ಸ್ಲೈಡುಗಳಿವೆ. ಧರ್ಮ ಬಡವನನ್ನು ತಟ್ಟಿ ಮಲಗಿಸುತ್ತದೆ ಎನ್ನುವವರು ಮೊದಲು ಬರುತ್ತಾರೆ. ಊರನ್ನು ಒಟ್ಟಾಗಿ ಹಿಡಿದಿಡುತ್ತದೆ ಎನ್ನುವವರು ಆಮೇಲೆ. ಅದೇ ಧರ್ಮ ಕೆಲವೊಮ್ಮೆ ಬಡವನನ್ನು ಎಬ್ಬಿಸಿ ಕೂರಿಸುತ್ತದೆ ಎನ್ನುವವರಿಗೆ ಕೊನೆಯ ಸ್ಲೈಡು. (ಅಲ್ಲಿಗೆ ನಾನು ಯಾವತ್ತೂ ತಲುಪಿಲ್ಲ, ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಬೆಲ್ ಹೊಡೆಯುವ ಹಾಗೆ ನೋಡಿಕೊಳ್ಳುತ್ತೇನೆ.)

ಹೀಗೆ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಕಾಲಿನಿಂದಲೇ ಶುರು ಮಾಡುತ್ತೇನೆ.

೨

ಬುಧವಾರ ಮಧ್ಯಾಹ್ನ ಸಾಂಟಿಂಗ್ ತನ್ನ ಅಂಗಳದಲ್ಲಿ ಕೂತಿದ್ದ. ಹೆಂಡತಿ ಡೆಲಿಂಗ್ ಅವನ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಸೀಬೆ ಎಲೆ ಕುದಿಸಿದ ನೀರು. ಮೂವತ್ತು ವರ್ಷ ಕಬ್ಬು ಕಡಿದ ಕಾಲು ಅದು. ಹಿಮ್ಮಡಿಯ ಬಿರುಕುಗಳಲ್ಲಿ ಮಸಿ ಕೂತಿತ್ತು, ಕೂಳೆ ಚುಚ್ಚಿದ ಗಾಯ ಇನ್ನೂ ಹಸಿಯಾಗಿತ್ತು.

ಮರುದಿನ ಪವಿತ್ರ ಗುರುವಾರ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಕಬ್ಬಿನ ತೋಟದ ಧಣಿ ಸೆನ್ಯೋರ್ ರಾಮಿರೋ ಅಂದು ತೋಟದ ಚಾಪೆಲ್‌ನಲ್ಲಿ ಮಂಡಿಯೂರಿ ಹನ್ನೆರಡು ಕೂಲಿಗಳ ಬಲಗಾಲು ತೊಳೆದು ಮುತ್ತಿಡುತ್ತಾರೆ. ಅವರ ತಂದೆಯೂ ತೊಳೆದಿದ್ದರು, ತಾತನೂ ತೊಳೆದಿದ್ದರು. ತೊಳೆಸಿಕೊಳ್ಳುವ ಕಾಲು ಮೊದಲೇ ಶುಭ್ರವಾಗಿರಬೇಕು ಎಂಬುದು ಅಲ್ಲಿಯ ಅಲಿಖಿತ ನಿಯಮ. ಮೇಸ್ತ್ರಿ ಬಾಗಿಲಲ್ಲಿ ನಿಂತು ಒಂದೊಂದು ಕಾಲನ್ನೂ ನೋಡಿ ಒಳಗೆ ಬಿಡುತ್ತಾನೆ. ಡೆಲಿಂಗ್ ಒಂದು ಗಂಟೆ ತಿಕ್ಕಿದಳು. ಅದನ್ನು ನೋಡಿ ಯಾರೂ ಕಣ್ಣೀರು ಹಾಕಲಿಲ್ಲ.

(ಈ ವಾಕ್ಯ ನನಗೆ ಬಹಳ ಹಿಡಿಸಿತು. ಹಿಡಿಸಿದ ವಾಕ್ಯಗಳನ್ನು ಹೊಡೆದುಹಾಕಬೇಕು ಎನ್ನುತ್ತಾರೆ. ಹಾಕುವುದಿಲ್ಲ.)

ಆ ವರ್ಷದ ವಿಶೇಷ ಇಷ್ಟೇ. ತಾವು ಕಡಿಯುವ ಹೊಲ ತಮಗೆ ಸಿಗಬೇಕೆಂದು ಹನ್ನೊಂದು ಜನ ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಸಾಂಟಿಂಗ್ ಅದರಲ್ಲಿ ಮೊದಲಿಗ. ಈಸ್ಟರ್ ಆದ ಮೇಲಿನ ಸೋಮವಾರ ಅವರೆಲ್ಲ ಪಟ್ಟಣದ ಭೂಸುಧಾರಣಾ ಕಚೇರಿಗೆ ಹೋಗಿ, ಸಹಿ ನಮ್ಮದೇ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ ಹೊಲದ ಆಸೆ ಉಂಟು, ಹೇಳದಿದ್ದರೆ ಅರ್ಜಿ ಸತ್ತಂತೆ. ಮೇಸ್ತ್ರಿ ಕಾಲು ತೊಳೆಸಿಕೊಳ್ಳುವ ಶಿಷ್ಯರ ಪಟ್ಟಿ ಅಂಟಿಸಿದಾಗ ನೋಡಿದರೆ ಅದೇ ಹನ್ನೊಂದು ಹೆಸರು. ಹನ್ನೆರಡನೆಯದು ಮೇಸ್ತ್ರಿಯದೇ. ಯೇಸುವನ್ನು ಹಿಡಿದುಕೊಟ್ಟ ಯೂದನ, ಯಾರೂ ಒಪ್ಪದ ಕುರ್ಚಿಗೆ ತಾನೇ ಕೂರುತ್ತೇನೆಂದು ಅವನು ನಗುತ್ತ ಹೇಳಿದನಂತೆ.

ಗುರುವಾರ ನಿಮ್ಮ ಪಾದಕ್ಕೆ ಮುತ್ತಿಟ್ಟವನ ಹೊಲ ನನಗೆ ಬೇಕೆಂದು ಸೋಮವಾರ ನೀವು ಹೇಳಬಲ್ಲಿರಾ? ಬೆದರಿಕೆ ಇಲ್ಲ, ಬೈಗುಳ ಇಲ್ಲ, ಒಂದು ಬೋಗುಣಿ ನೀರು ಸಾಕು.

೩

ಮೊದಲ ಡ್ರಾಫ್ಟಿನಲ್ಲಿ ಸಾಂಟಿಂಗ್ ಕಾಲು ಚಾಚಿ, ಕಣ್ಣು ಮುಚ್ಚಿ, ಧನ್ಯನಾಗುತ್ತಾನೆ. ಪರಲೋಕದಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯಲ್ಲಿ ಅರ್ಜಿ ಮರೆಯುತ್ತಾನೆ. ನನ್ನ ಮೊದಲ ಸ್ಲೈಡಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಸಾಂಟಿಂಗ್‌ಗೇ ಓದಿ ಹೇಳಿದೆ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ನಾನು ನೋಂಗ್, ಅಂದರೆ ಅಣ್ಣ, ಎನ್ನುತ್ತೇನೆ, ಅವನು ನನ್ನನ್ನು ತೋತೋ, ಅಂದರೆ ತಮ್ಮ, ಎನ್ನುತ್ತಾನೆ. ಪೂರ್ತಿ ಕೇಳಿಸಿಕೊಂಡು ಅಂದ.

"ನಾನು ಮಲಗಿದೀನಿ ಅಂತ ಬರ್ದಿದೀಯಲ್ಲ ತೋತೋ. ನಾನು ಏಳೋದು ನಾಲ್ಕು ಗಂಟೆಗೆ. ನೀನು ಎಷ್ಟೊತ್ತಿಗೆ ಏಳ್ತೀಯ?"

ಆ ಡ್ರಾಫ್ಟ್ ಹರಿದೆ.

೩ (ಇನ್ನೊಮ್ಮೆ)

ಎರಡನೆಯದರಲ್ಲಿ ಸಾಂಟಿಂಗ್ ಬೋಗುಣಿಯನ್ನು ಒದೆಯುತ್ತಾನೆ. ನೀರು ಚೆಲ್ಲುತ್ತದೆ, ಜನ ಎದ್ದು ನಿಲ್ಲುತ್ತಾರೆ, ಕಬ್ಬಿನ ಕತ್ತಿಗಳು ಮಿಂಚುತ್ತವೆ. (ಚಾಪೆಲ್‌ಗೆ ಕತ್ತಿ ಯಾಕೆ ತಂದರು ಎಂದು ಕೇಳಬೇಡಿ.) ವಿದ್ಯಾರ್ಥಿಗಳಿಗೆ ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಅಡುಗೆಮನೆಯಿಂದ ಕೇಳುತ್ತಿದ್ದ ಡೆಲಿಂಗ್ ಸೌಟು ಹಿಡಿದುಕೊಂಡೇ ಬಂದಳು.

"ಒದಿಯೋದು ಚೆನ್ನಾಗಿದೆ. ಮುಂದಿನ ತಿಂಗಳು ಮೊಮ್ಮಗೂಗೆ ಅದೇ ಚಾಪೆಲ್‌ನಲ್ಲಿ ಜ್ಞಾನಸ್ನಾನ ಆಗ್ಬೇಕು. ನಾನು ಕೂಸು ಎತ್ಕೊಂಡು ಬಾಗಿಲಲ್ಲಿ ನಿಂತಾಗ ನಮ್ಮ ಜನಾನೇ ಮುಖ ತಿರುಗಿಸ್ತಾರಲ್ಲ, ಅದನ್ನ ಯಾವ ಪುಟದಲ್ಲಿ ಇಟ್ಟಿದೀಯ? ತೋರ್ಸು."

ಯಾವ ಪುಟದಲ್ಲೂ ಇಟ್ಟಿರಲಿಲ್ಲ.

೫

(ನಾಲ್ಕನೇ ಭಾಗದಲ್ಲಿ ನನ್ನ ಬಗ್ಗೆ ಬರೆದಿದ್ದೆ. ನನ್ನನ್ನು ಓದಿಸಿದ್ದು ಸೆನ್ಯೋರ್ ಅವರ ಹೆಂಡತಿ. ಸೆನ್ಯೋರ್ ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದಾರೆ. ಇದಕ್ಕಿಂತ ಹೆಚ್ಚು ಬರೆಯಲು ಧೈರ್ಯ ಸಾಲಲಿಲ್ಲ, ಹಾಗಾಗಿ ತೆಗೆದೆ.)

ನಡೆದದ್ದನ್ನೇ ಹೇಳುತ್ತೇನೆ. ನಾನು ಚಾಪೆಲ್‌ನ ಮೂರನೇ ಬೆಂಚಿನಲ್ಲಿದ್ದೆ.

ಸಾಂಟಿಂಗ್ ಹಲವು ವರ್ಷಗಳಿಂದ ಯೇಸುವಿನ ಹಿರಿಯ ಶಿಷ್ಯ ಪೇತ್ರನ ಪಾತ್ರದವನು. ಪೇತ್ರನಿಗೆ ಒಂದು ಮಾತಿದೆ. ಬೋಗುಣಿ ತನ್ನ ಮುಂದೆ ಬಂದಾಗ ಅವನು ಕಾಲು ಹಿಂದಕ್ಕೆಳೆದು, ಬೇಡ ಸ್ವಾಮಿ, ಮುಟ್ಟಬೇಡಿ ಎನ್ನಬೇಕು. ತೊಳೆಯದಿದ್ದರೆ ನಿನಗೂ ನನಗೂ ಸಂಬಂಧವಿಲ್ಲ ಎಂದು ಸೆನ್ಯೋರ್ ಹೇಳಬೇಕು. ಆಗ ಪೇತ್ರ ನಾಚಿಕೊಂಡು ಕಾಲು ಕೊಡಬೇಕು. ಮಕ್ಕಳಿಗೂ ಇದು ಬಾಯಿಪಾಠ.

ಆ ದಿನ ಬೋಗುಣಿ ಹತ್ತಿರ ಬಂತು. ಸಾಂಟಿಂಗ್ ಕಾಲು ಹಿಂದಕ್ಕೆಳೆದ.

"ಬೇಡ ಸೆನ್ಯೋರ್. ಮುಟ್ಬೇಡಿ."

ಸ್ವಾಮಿ ಎನ್ನಲಿಲ್ಲ, ಸೆನ್ಯೋರ್ ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಪ್ರೀತಿಯಿಂದ ನಕ್ಕರು. ಈ ಸಲ ಎಷ್ಟು ಚೆನ್ನಾಗಿ ಮಾಡ್ತಿದಾನೆ ಎಂದು ಒಬ್ಬ ಅಜ್ಜಿ ಪಿಸುಗುಟ್ಟಿದಳು. ಮೇಸ್ತ್ರಿ ತನ್ನ ಕುರ್ಚಿಯಿಂದ ತಲೆಯಾಡಿಸಿದ.

"ನಾನು ನಿಜವಾಗ್ಲೂ ಹೇಳ್ತಿದೀನಿ," ಎಂದ ಸಾಂಟಿಂಗ್.

ಅಜ್ಜಿಯರು ಕಣ್ಣೊರೆಸಿಕೊಂಡರು. ಚಾಪೆಲ್‌ನಲ್ಲಿ ಅಷ್ಟು ಜನರ ನಡುವೆ ಅದು ನಾಟಕವಲ್ಲ ಎಂದು ಡೆಲಿಂಗ್‌ಗೆ ಗೊತ್ತಾಗಿತ್ತು, ಅವಳು ನೆಲ ನೋಡುತ್ತಿದ್ದಳು. ನನಗೂ ಗೊತ್ತಾಗಿತ್ತು. ಅವನ ಬದುಕಿನಲ್ಲಿ ಅವನು ಧಣಿಗೆ ನಿಜವಾಗಿ ಬೇಡ ಎಂದದ್ದು ಅದೇ ಮೊದಲು, ಅದನ್ನು ಹೇಳಲು ಅವನಿಗೆ ಸಿಕ್ಕ ಜಾಗವನ್ನು ಧಣಿಗಳ ಹಬ್ಬ ಮೊದಲೇ ಗುಡಿಸಿ ಇಟ್ಟಿತ್ತು. ನನಗೆ ಸಿಟ್ಟು ಬಂತು, ಈಗಲೂ ಬರುತ್ತಿದೆ. ಇದಕ್ಕೆ ನನ್ನಲ್ಲಿ ಸ್ಲೈಡಿಲ್ಲ.

ಸೆನ್ಯೋರ್ ತಮ್ಮ ಮಾತು ಹೇಳಿದರು, ಸಂಬಂಧವಿಲ್ಲ ಎಂಬ ಮಾತು. ಆಮೇಲೆ ಮೆಲ್ಲಗೆ ಆ ಕಾಲನ್ನು ಎತ್ತಿಕೊಂಡು ತೊಳೆದರು, ಹಸಿ ಗಾಯವನ್ನು ನೋಯದ ಹಾಗೆ ಒರೆಸಿದರು, ಮುತ್ತಿಟ್ಟರು. ತಲೆಯೆತ್ತಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ವಯಸ್ಸಾದವರು, ಎದ್ದೇಳಲು ಕಷ್ಟಪಟ್ಟರು. ಸಾಂಟಿಂಗ್‌ನ ಕೈ ತಾನಾಗಿ ಹೋಗಿ ಅವರ ಮೊಣಕೈ ಹಿಡಿದು ಎಬ್ಬಿಸಿತು.

೬

ಅದು ನಾಟಕದ ಅಳು ಎಂದು ನಾನು ಬರೆದಿದ್ದೆ. ಸಾಂಟಿಂಗ್ ಅದನ್ನು ಒಪ್ಪಲಿಲ್ಲ.

"ಅವರು ನಿಜವಾಗ್ಲೂ ಅತ್ತರು ತೋತೋ. ನಾನು ಹತ್ತಿರದಿಂದ ನೋಡ್ದೆ. ಕಳ್ಳ ಅಳು ಆಗಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು."

ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ. ಅಷ್ಟು ಒಳ್ಳೆಯವರು ಹೊಲ ಯಾಕೆ ಕೊಡುವುದಿಲ್ಲ ಅಂತ ಬರಿ, ಗೊತ್ತಿದ್ದರೆ, ಎಂದ.

ಕೊನೆಗಳು

ಸೋಮವಾರ ಬೆಳಿಗ್ಗೆ ಏಳೂವರೆ. ಪಟ್ಟಣಕ್ಕೆ ಹೋಗುವ ಜೀಪ್ನಿ ತೋಟದ ಗೇಟಿನ ಮುಂದೆ ನಿಂತಿದೆ. ಹನ್ನೊಂದೂ ಜನ ಬಂದಿದ್ದಾರೆ, ಒಗೆದ ಅಂಗಿ ತೊಟ್ಟು. ಯಾರೂ ಮೊದಲು ಹತ್ತುತ್ತಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದಿದ್ದಾನೆ.

ಒಂದು ಕೊನೆಯಲ್ಲಿ ಸಾಂಟಿಂಗ್ ಹತ್ತುತ್ತಾನೆ, ಉಳಿದವರು ಹಿಂದೆಯೇ ಹತ್ತುತ್ತಾರೆ. ಇನ್ನೊಂದರಲ್ಲಿ ಜೀಪ್ನಿ ಖಾಲಿ ಹೋಗುತ್ತದೆ. ಮೂರನೆಯದರಲ್ಲಿ ಡೆಲಿಂಗ್ ಬಂದು ಹತ್ತಿ ಕೂರುತ್ತಾಳೆ, ಆದರೆ ಅಷ್ಟೇ ವರ್ಷ ಅದೇ ಕಬ್ಬು ಕಡಿದಿದ್ದರೂ ಅರ್ಜಿಯಲ್ಲಿ ಅವಳ ಹೆಸರಿಲ್ಲ, ಬರೆಸಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಸಾಂಟಿಂಗ್‌ಗೆ ಮೂರನ್ನೂ ಓದಿದೆ.

"ಹತ್ತಿದೆ ಅಂತಲೇ ಬರಿ. ನಿಂದೇನು ಗಂಟು ಹೋಗುತ್ತೆ?"

ಬರೆಯಲಿಲ್ಲ. ನಿಜಕ್ಕೂ ಏನಾಯಿತು, ನಿನಗೆ ಗೊತ್ತಿರಬೇಕಲ್ಲ ಎಂದು ನೀವು ಕೇಳುತ್ತೀರಿ. ಗೊತ್ತು. ಹೇಳುವುದಿಲ್ಲ. ಹತ್ತಿದರು ಎಂದರೆ ನೀವು ಮೆಚ್ಚಿ ಪುಸ್ತಕ ಮುಚ್ಚುತ್ತೀರಿ, ಹತ್ತಲಿಲ್ಲ ಎಂದರೆ ಅಯ್ಯೋ ಎಂದು ಮುಚ್ಚುತ್ತೀರಿ. ಎರಡೂ ನನಗೆ ಇಷ್ಟವಿಲ್ಲ.

ನನ್ನ ಮಟ್ಟಿಗಿನದನ್ನು ಮಾತ್ರ ಹೇಳಬಲ್ಲೆ. ಆ ಬೆಳಿಗ್ಗೆ ನಾನೂ ಗೇಟಿನ ಎದುರಿಗೇ ಇದ್ದೆ, ಬೈಕಿನ ಮೇಲೆ. ನಾನೂ ಅದೇ ಪಟ್ಟಣಕ್ಕೆ ಹೋಗುವವನು. ಇಳಿದು ಮೊದಲು ಹತ್ತಿ ಕೂತಿದ್ದರೆ ಅವರು ಹಿಂದೆ ಬರುತ್ತಿದ್ದರೋ ಏನೋ. ಸಾಂಟಿಂಗ್ ಒಮ್ಮೆ ನನ್ನ ಕಡೆ ನೋಡಿದ. ನಾನು ಕೈ ಎತ್ತಿ, ಬೈಕ್ ಸ್ಟಾರ್ಟ್ ಮಾಡಿದೆ. ಒಂಬತ್ತಕ್ಕೆ ನನಗೆ ಕ್ಲಾಸಿತ್ತು.